ಎತ್ತು, ಒತ್ತು, ತಟ್ಟು

ಆ ಮನೆಯ ಫ್ರಿಜ್ಜಿನ ಬಾಗಿಲು ಮುಚ್ಚಬೇಕಾದರೆ ಮೂರು ಕೆಲಸ ಒಟ್ಟಿಗೆ ಮಾಡಬೇಕಿತ್ತು. ಎಡಗೈಯಲ್ಲಿ ಹಿಡಿಯನ್ನು ಒಂದು ಬೆರಳಿನಷ್ಟು ಮೇಲಕ್ಕೆ ಎತ್ತುವುದು, ಬಲ ಮೊಣಕಾಲಿನಿಂದ ಕೆಳಮೂಲೆಯನ್ನು ಒಳಕ್ಕೆ ಒತ್ತುವುದು, ಆಮೇಲೆ ಅಂಗೈಯಿಂದ ಮೇಲ್ಮೂಲೆಗೆ ಒಂದು ಸಲ ತಟ್ಟುವುದು. ತಟ್ಟಿದ್ದು ಜೋರಾದರೆ ಕೆಳಮೂಲೆ ಬಾಯಿಬಿಡುತ್ತಿತ್ತು, ಮೆತ್ತಗಾದರೆ ಮೇಲ್ಮೂಲೆ. ಎಲ್ಲ ಸರಿಹೋದಾಗ ಮಾತ್ರ ಅಂಚಿನ ರಬ್ಬರು ‘ಪುಚ್’ ಅನ್ನುತ್ತಿತ್ತು. ಆ ‘ಪುಚ್’ ಕೇಳಿಸುವವರೆಗೆ ಮುಚ್ಚಿದಂತೆ ಅಲ್ಲ.

ಮನೆಯಲ್ಲಿದ್ದವರು ನಾಲ್ಕು ಜನ. ಬಾಗಿಲಿನ ಬಾಯಲ್ಲಿ ‘ಪುಚ್’ ಅನ್ನಿಸಲು ಬರುತ್ತಿದ್ದುದು ಒಬ್ಬಳಿಗೆ ಮಾತ್ರ.

ಅವಳನ್ನು ಓಣಿಯವರೆಲ್ಲ ಕನ್ನಡಕದಕ್ಕ ಎಂದು ಕರೆಯುತ್ತಾರೆ. ಅವಳು ಕನ್ನಡಕ ಹಾಕುವುದಿಲ್ಲ, ರಿಪೇರಿ ಮಾಡುತ್ತಾಳೆ. ದೊಡ್ಡ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕಿಟಕಿಯ ಪಕ್ಕದ ಮೇಜು ಅವಳದು. ಹತ್ತೊಂಬತ್ತು ವರ್ಷದಿಂದ ಅವಳದೇ. ಮೇಜಿನ ಮೇಲೆ ಹಸಿರು ಬಟ್ಟೆ, ಅದರ ಮೇಲೆ ಸಾಸಿವೆಗಿಂತ ಸಣ್ಣ ಸ್ಕ್ರೂಗಳ ತಟ್ಟೆ, ಬೆಂಕಿಕಡ್ಡಿಯಷ್ಟು ತೆಳ್ಳಗಿನ ಸ್ಕ್ರೂಡ್ರೈವರ್‌ಗಳು. ಗಿರಾಕಿ ಕನ್ನಡಕ ತೆಗೆದು ಮುಂದಿಟ್ಟರೆ ಸಾಕು, ಒಂದು ಸಲ ತಿರುಗಿಸಿ ನೋಡಿ, “ಇದರ ಮೇಲೆ ಕೂತಿದ್ರೋ, ಮಲಗಿದ್ರೋ?” ಎಂದು ಕೇಳುತ್ತಾಳೆ. ಕೂತರೆ ಒಂದು ಬಗೆಯಲ್ಲಿ ಬಾಗುತ್ತದೆ, ಮಲಗಿದರೆ ಇನ್ನೊಂದು ಬಗೆಯಲ್ಲಿ. “ಇಲ್ಲಮ್ಮ, ತಾನಾಗೇ ಆಯ್ತು” ಎನ್ನುವವರೂ ಇದ್ದಾರೆ. ಅಂಥವರೆಲ್ಲ ಕೂತವರೇ ಎಂಬುದು ಅವಳ ಅನುಭವ.

ಅಂಗಡಿಗೆ ಸೇರಿದಾಗ ಅವಳ ಕೆಲಸ ಗಾಜು ಒರೆಸುವುದು, ಬಂದವರಿಗೆ ಕುರ್ಚಿ ತೋರಿಸುವುದು. ಆಗ ಆ ಮೇಜಿನಲ್ಲಿ ಕೂರುತ್ತಿದ್ದ ಮುದುಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರ ಕೈ ನಡುಗಲು ಶುರುವಾದಾಗ, ಕೆಳಗೆ ಬಿದ್ದ ಸ್ಕ್ರೂ ಹುಡುಕಿಕೊಡುವುದು ಇವಳ ಪಾಲಿಗೆ ಬಂತು. ಹುಡುಕಿಕೊಟ್ಟವಳೇ ಕೂರಿಸಿಯೂ ಕೊಡತೊಡಗಿದಳು. ಒಂದು ದಿನ ಮೇಷ್ಟ್ರು ಎದ್ದು ಕುರ್ಚಿಯನ್ನೇ ಬಿಟ್ಟುಕೊಟ್ಟರು. ಕಿವಿಗೆ ಸಿಕ್ಕಿಸುವ ಕಡ್ಡಿಗೆ ಅವರು ಕಾಲು ಎನ್ನುತ್ತಿದ್ದರು. “ಕನ್ನಡಕ ಸೊಟ್ಟಗೆ ಕೂತ್ರೆ ಗಿರಾಕಿ ತನ್ನ ಮೂಗನ್ನೇ ಬೈಕೋತಾನೆ. ನೀನು ಮೂಗಿನ ಗೊಡವೆಗೆ ಹೋಗ್ಬೇಡ. ಮೇಜಿನ ಮೇಲಿಟ್ಟು, ಯಾವ ಕಾಲು ಕುಣಿಯುತ್ತೆ ನೋಡು” ಎಂದು ಅವರು ಹೇಳಿಕೊಟ್ಟ ಮಾತಿನ ಮೇಲೆ ಅವಳ ಹತ್ತೊಂಬತ್ತು ವರ್ಷ ನಡೆದಿತ್ತು.

ಇಂಥವಳು ಮನೆಗೆ ಬಂದು ಆರು ವರ್ಷದಿಂದ ಮೊಣಕಾಲಲ್ಲಿ ಫ್ರಿಜ್ಜು ಮುಚ್ಚುತ್ತಿದ್ದಳು. ದೀಪದ ಬುಡ ಕತ್ತಲೆ ಅನ್ನಬಹುದು. ಆದರೆ ಆ ಕತ್ತಲೆಗೊಂದು ಕಾರಣವಿತ್ತು. ಮನೆಯಲ್ಲಿ ರಿಪೇರಿ ಎನ್ನುವುದು ಗಂಡನ ಇಲಾಖೆ. ಅವನಿಗೊಂದು ಕೆಂಪು ತಗಡಿನ ಪೆಟ್ಟಿಗೆಯಿತ್ತು. ಅದು ಬೀರುವಿನ ಮೇಲೆ, ಬೇರೆ ಯಾರ ಕೈಗೂ ಎಟುಕದ ಎತ್ತರದಲ್ಲಿ ಕೂತಿತ್ತು. ಅಡುಗೆ, ಬಟ್ಟೆ, ಪಾತ್ರೆ, ಔಷಧಿ, ಮಗಳ ಕಾಲೇಜಿನ ಅರ್ಜಿ ಎಲ್ಲಕ್ಕೂ ಇಂಥ ದಿನ, ಇಂಥ ಗಂಟೆ ಎಂದಿತ್ತು. ರಿಪೇರಿಗೆ ಮಾತ್ರ ಒಂದೇ ದಿನ, ಭಾನುವಾರ. ಕ್ಯಾಲೆಂಡರಿನಲ್ಲಿ ಅದು ವಾರಕ್ಕೊಮ್ಮೆ ಬರುತ್ತದೆ. ಆ ಮನೆಗೆ ಇನ್ನೂ ಬಂದಿರಲಿಲ್ಲ.

ಗಂಡ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಕೆಟ್ಟವನಲ್ಲ. ಬೈಯುವವನಲ್ಲ, ಕುಡಿಯುವವನಲ್ಲ. ತಣ್ಣೀರು ಮಾತ್ರ ಬಹಳ ಕುಡಿಯುತ್ತಾನೆ, ಅದೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು. ಅದಕ್ಕಾಗಿ ಫ್ರಿಜ್ಜಿನ ಬಾಗಿಲ ಒಳಮೈಯಲ್ಲಿ ಏಳು ದೊಡ್ಡ ಬಾಟಲಿಗಳು ಸಾಲಾಗಿ ನಿಂತಿರುತ್ತಿದ್ದವು. ಕುಡಿಯುವವನು ಅವನು, ಕುಡಿದು ಖಾಲಿ ಬಾಟಲಿಯನ್ನು ಹಾಗೇ ವಾಪಸ್ ಇಡುವವನೂ ಅವನೇ, ತುಂಬುವವಳು ಅವಳು.

ಅದೇ ಬಾಗಿಲಿನ ಹಿಂದೆ, ನಡುವಿನ ಅಂತಸ್ತಿನಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಅತ್ತೆಯ ಇನ್ಸುಲಿನ್ ಇತ್ತು. ತಿಂಗಳಿಗಾಗುವಷ್ಟು ಸೀಸೆಗಳು. ಅವು ತಣ್ಣಗಿರಲೇಬೇಕು. ಎರಡು ವರ್ಷದ ಹಿಂದೆ ಅವಳು ಅಂಗಡಿಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿ ಮರುದಿನ ಬಂದಾಗ ಫ್ರಿಜ್ಜಿನ ಮುಂದೆ ನೀರಿನ ಕೆರೆಯೇ ಆಗಿತ್ತು. ಹಾಲು ಒಡೆದಿತ್ತು. ಸೀಸೆಗಳು ಅಂಗೈಯಷ್ಟೇ ಬೆಚ್ಚಗಿದ್ದವು. ಎಲ್ಲವನ್ನೂ ಎಸೆದು ಹೊಸದು ತರಬೇಕಾಯಿತು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ನೀನಿಲ್ದೆ ಈ ಮನೆ ಒಂದು ದಿನಾನೂ ನಡೆಯಲ್ಲ ಕಣೇ” ಎಂದು ಗಂಡ ಪ್ರೀತಿಯಿಂದಲೇ ಹೇಳಿದ. ಆಮೇಲೆ ಪಾತ್ರೆ ತೊಳೆಯುವಾಗ ಅವಳು ಆ ಹೊಗಳಿಕೆಯನ್ನು ಕನ್ನಡಕ ತಿರುಗಿಸಿ ನೋಡುವ ಹಾಗೆ ತಿರುಗಿಸಿ ನೋಡಿದಳು. ತುಡುಗು ಹಸುವಿನ ಕೊರಳಿಗೆ ಕಟ್ಟುವ ಕೊರಡಿನ ಹಾಗಿತ್ತು ಅದು. ಅದಾದ ಮೇಲೆ ಅವಳು ಒಂದು ರಾತ್ರಿಯೂ ಮನೆಬಿಟ್ಟು ಇದ್ದಿರಲಿಲ್ಲ.

ಈ ವರ್ಷ ಅಕ್ಕ ಬಿಡಲಿಲ್ಲ. ಶಾಲೆಯ ಕೆಲಸದಿಂದ ನಿವೃತ್ತಳಾಗಿ ಸಮುದ್ರದ ಪಕ್ಕದ ಊರಿನಲ್ಲಿ ಒಬ್ಬಳೇ ಇರುವ ಅವಳ ಅಕ್ಕ, ವರ್ಷಕ್ಕೊಮ್ಮೆ ಕರೆದು ವರ್ಷಕ್ಕೊಮ್ಮೆ ‘ಆಗಲ್ಲ’ ಕೇಳಿ ಬೇಸತ್ತಿದ್ದಳು.

“ಈ ಸಲ ಏನು ನೆವ?” ಎಂದಳು ಫೋನಿನಲ್ಲಿ.

“ನೆವ ಅಲ್ಲಕ್ಕ. ಫ್ರಿಜ್ಜು...”

“ನೀನು ಮದುವೆ ಆಗಿದ್ದು ಯಾರನ್ನೇ? ನನಗೆ ನೆನಪಿರೋ ಹಾಗೆ ಅವರಿಗೆ ಮೀಸೆ ಇತ್ತು. ಫ್ರಿಜ್ಜಿಗೆ ಮೀಸೆ ಇಲ್ವಲ್ಲ?”

“ಅಕ್ಕಾ!”

“ಶುಕ್ರವಾರ ಬೆಳಗ್ಗೆ ಏಳೂವರೆ ರೈಲು. ನಾಲ್ಕು ದಿನ ಇದ್ದು ಹೋಗು. ಇಲ್ಲಿ ನೀನೇನೂ ಮಾಡ್ಬೇಕಾಗಿಲ್ಲ. ಸಮುದ್ರ ತನ್ನ ಪಾಡಿಗೆ ತಾನು ಬರುತ್ತೆ, ತನ್ನ ಪಾಡಿಗೆ ತಾನು ಹೋಗುತ್ತೆ. ಅದನ್ನ ಯಾರೂ ಮುಚ್ಚಬೇಕಿಲ್ಲ.”

ಯಾರೂ ಮುಚ್ಚಬೇಕಿಲ್ಲದ ಒಂದು ವಸ್ತು ಭೂಮಿಯ ಮೇಲಿದೆ ಎಂಬ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಸುಮ್ಮನೆ ಹೋಗುವುದು, ಸುಮ್ಮನೆ ಕೂರುವುದು. ಯಾರ ಕಾಯಿಲೆಗೂ ಅಲ್ಲ, ಯಾರ ಬಾಣಂತನಕ್ಕೂ ಅಲ್ಲ. ಅವಳು ಟಿಕೆಟ್ ತೆಗೆಸಿದಳು. ತೆಗೆಸಿದ ಮೇಲೆ, ಬುಧವಾರ ಸಂಜೆ ಮನೆಯವರನ್ನೆಲ್ಲ ಫ್ರಿಜ್ಜಿನ ಮುಂದೆ ಸಾಲಾಗಿ ನಿಲ್ಲಿಸಿ ಪಾಠ ಶುರುಮಾಡಿದಳು.

ಮಗಳು ಕಾಲೇಜಿನ ಹುಡುಗಿ. ದಪ್ಪ ಹಾಳೆಯ ಮೇಲೆ ‘ಎತ್ತು, ಒತ್ತು, ತಟ್ಟು’ ಎಂದು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದಳು. ಮೊದಲ ಸರದಿಯೂ ಅವಳದೇ. ಎತ್ತಿದಳು, ಒತ್ತಿದಳು, ತಟ್ಟುವ ಹೊತ್ತಿಗೆ ಎತ್ತಿದ್ದನ್ನು ಬಿಟ್ಟಳು. ಬಾಗಿಲು ಬಾಯಿಬಿಟ್ಟು ನಿಂತಿತು.

“ಪರೀಕ್ಷೆಗೂ ಹೀಗೇ ಓದ್ತೀಯೇನೇ?” ಎಂದರು ಅತ್ತೆ.

“ಅಜ್ಜಿ, ನೀವು ಮಾಡಿ ತೋರಿಸಿ ನೋಡೋಣ.”

“ನಾನ್ಯಾಕೆ ಮಾಡ್ಲಿ? ನಾಲ್ಕು ದಿನ ಕುರ್ಚಿ ಹಾಕ್ಕೊಂಡು ಅದಕ್ಕೇ ಒರಗಿ ಕೂತ್ಕೋತೀನಿ. ನನ್ನ ಭಾರಕ್ಕೆ ಮುಚ್ಚಲಿಲ್ಲ ಅಂದ್ರೆ ಕೇಳು.”

ಗಂಡ ಅಂಗಿಯ ತೋಳು ಮಡಚಿಕೊಂಡು ಬಂದ. ಗಂಡಸರು ಬಾಗಿಲು ಹಾಕುವ ಹಾಗೆ ಹಾಕಿದ. ಒಳಗೆ ಮೊಟ್ಟೆಯೊಂದು ಒಡೆದ ಸದ್ದು ಬಂತು. ಬಾಗಿಲು ಹೋದಷ್ಟೇ ವೇಗದಲ್ಲಿ ವಾಪಸ್ ಬಂದು ಅವನ ಮೊಣಕೈಗೆ ಬಡಿಯಿತು.

“ಇದಕ್ಕೆ ನಿನ್ನ ಕೈ ಮಾತ್ರ ಒಗ್ಗಿದೆ ಕಣೇ,” ಎಂದ ಮೊಣಕೈ ಉಜ್ಜಿಕೊಳ್ಳುತ್ತ. “ಒಂದು ಕೆಲಸ ಮಾಡು. ಮುಂದಿನ ತಿಂಗಳು ಹೋಗು. ಅಷ್ಟರಲ್ಲಿ ಒಂದು ಭಾನುವಾರ ನಾನು ನೋಡ್ತೀನಿ.”

ಅವಳು ಒಡೆದ ಮೊಟ್ಟೆ ಒರೆಸಿದಳು. ಅತ್ತೆ ತಮ್ಮ ಕನ್ನಡಕ ತೆಗೆದು, “ಇದೂ ಒಂದು ಕಡೆ ಜಾರ್ತಿದೆ ನೋಡಮ್ಮ” ಎಂದು ಕೈಗೆ ಕೊಟ್ಟರು. ಅವಳು ಪರ್ಸಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಯೋಚನೆಯೆಲ್ಲ ರೈಲಿನ ಮೇಲಿರುವಾಗಲೇ ಎಡಗಾಲಿನ ಕೀಲಿನ ಸ್ಕ್ರೂವನ್ನು ಅರ್ಧ ಸುತ್ತು ಬಿಗಿಮಾಡಿ, ಅತ್ತೆಯ ಮೂಗಿನ ಮೇಲೆ ಏರಿಸಿದಳು. ಅರ್ಧ ನಿಮಿಷದ ಕೆಲಸ.

ಅತ್ತೆ ಸುತ್ತ ನೋಡಿದರು. ಫ್ರಿಜ್ಜಿನ ಕಡೆ ನೋಡಿ ಕತ್ತು ಓರೆ ಮಾಡಿದರು. “ಅಯ್ಯೋ, ಇಷ್ಟು ದಿನ ಆ ಬಾಗಿಲು ನೆಟ್ಟಗೆ ಕಾಣ್ತಿತ್ತು ಕಣೇ. ಈಗ ಸೊಟ್ಟ ಕಾಣ್ತಿದೆ!”

ಅವಳೂ ನೋಡಿದಳು. ನೋಡುತ್ತ ಹಾಗೇ ನಿಂತಳು. ಬಲಗಡೆ ಮೇಲೊಂದು ಕೀಲು, ಕೆಳಗೊಂದು ಕೀಲು. ಕೀಲಿನಿಂದ ದೂರವಿರುವ ಮೂಲೆ ಜೋತುಬಿದ್ದಿದೆ. ದಿನಕ್ಕೆ ಹತ್ತು ಕನ್ನಡಕ ಇದೇ ಮುಖ ಹೊತ್ತು ಅವಳ ಮೇಜಿಗೆ ಬರುತ್ತವೆ. ಆರು ವರ್ಷ ಮೊಣಕಾಲು ಕೊಟ್ಟಳೇ ಹೊರತು ಒಂದು ಸಲವೂ ಅದನ್ನು ಗಿರಾಕಿಯ ವಸ್ತುವಿನ ಹಾಗೆ ನೋಡಿರಲಿಲ್ಲ. ಮನೆಯದ್ದನ್ನು ನೋಡುವುದು ಎಲ್ಲಿ, ಸುಧಾರಿಸಿಕೊಂಡು ಹೋಗುವುದು ಮಾತ್ರ.

ಗುರುವಾರ ಅಂಗಡಿಗೆ ರಜೆ. ಗಂಡ ಒಂಬತ್ತು ಗಂಟೆಗೆ ಕಚೇರಿಗೆ ಹೊರಟ. ಒಂಬತ್ತೂ ಐದಕ್ಕೆ ಅವಳು ಸ್ಟೂಲು ಹತ್ತಿ ಕೆಂಪು ಪೆಟ್ಟಿಗೆಯನ್ನು ಬೀರುವಿನ ಮೇಲಿಂದ ಇಳಿಸಿದಳು.

“ಅಮ್ಮ, ಅಪ್ಪ ಅದನ್ನ ಮುಟ್ಟಬೇಡಿ ಅಂದಿದಾರೆ,” ಎಂದಳು ಮಗಳು. ಹೇಳಿದ್ದು ಪೆಟ್ಟಿಗೆಯ ಇನ್ನೊಂದು ಹಿಡಿಗೆ ಕೈ ಹಾಕುತ್ತಲೇ.

ಒಳಗೆ ಒಂದು ಸತ್ತ ಟಾರ್ಚು, ಕಲ್ಲಾಗಿಹೋದ ಅಂಟು, ಡಬ್ಬಿಯ ತುಂಬ ಯಾವ ಕಾಲದ್ದೋ ಮೊಳೆ. ಅಡಿಯಲ್ಲಿ, ಎಣ್ಣೆಕಾಗದ ಕೂಡ ಬಿಚ್ಚದ ಸ್ಪ್ಯಾನರ್‌ಗಳ ಸೆಟ್ಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅತ್ತೆ ಒಂದನ್ನು ಎತ್ತಿ ಮುಖ ನೋಡಿಕೊಂಡರು. “ಎಷ್ಟು ಜೋಪಾನ ಮಾಡಿದಾನೆ ನನ್ನ ಮಗ,” ಎಂದರು.

ಅವಳು ಮೊದಲು ಪ್ಲಗ್ ಕಿತ್ತಳು. ಅಗಲ ಬಾಯಿಯ ಫ್ಲಾಸ್ಕಿಗೆ ಐಸು ಹಾಕಿ, ಸೀಸೆಗಳು ಐಸಿಗೆ ತಾಗದ ಹಾಗೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಅತ್ತೆಯ ಮಡಿಲಲ್ಲಿ ಕೂರಿಸಿದಳು. “ಇದು ನಿಮ್ಮ ಡ್ಯೂಟಿ, ಅತ್ತೆ.” ಬಾಗಿಲಿನಲ್ಲಿದ್ದ ಏಳು ಬಾಟಲಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದಳು. ಏಳನೆಯದನ್ನು ಇಳಿಸುವಾಗ ಸೊಂಟ ಹಿಡಿದುಕೊಂಡಿತು. “ನನಗೆ ಏಳು ಸಲ ಬಗ್ಗಿದ್ದಕ್ಕೇ ಹೀಗೆ. ಇದು ಆರು ವರ್ಷದಿಂದ ಹೊತ್ಕೊಂಡು ತೂಗಾಡ್ತಿದೆಯಲ್ಲ, ಜೋತುಬೀಳದೆ ಇನ್ನೇನು ಮಾಡೀತು?”

ಮೇಲಿನ ಕೀಲಿಗೆ ಒಂದು ಪ್ಲಾಸ್ಟಿಕ್ ಟೋಪಿಯಿತ್ತು. ಅದನ್ನು ಮೀಟಿ ತೆಗೆದರೆ ಕೆಳಗೆ ಎರಡು ಬೋಲ್ಟು. ಸ್ಪ್ಯಾನರ್ ಇಡುವುದಕ್ಕೆ ಮುಂಚೆ ಬೆರಳಲ್ಲಿ ಮುಟ್ಟಿ ನೋಡಿದಳು. ಬೆರಳಲ್ಲೇ ತಿರುಗಿತು.

“ಇದರ ಸ್ಕ್ರೂನೂ ಲೂಸಾ?” ಎಂದರು ಅತ್ತೆ.

“ಲೂಸೇ.”

“ಮನೆಯಲ್ಲಿ ಎಲ್ಲರ ಜೊತೆ ಸೇರಿ ಸೇರಿ ಆಗಿರುತ್ತೆ ಬಿಡು.”

ಬೋಲ್ಟು ಬಿಚ್ಚಿ, ತಾಯಿ ಮಗಳು ಸೇರಿ ಬಾಗಿಲನ್ನು ಮೇಲಕ್ಕೆತ್ತಿ ಕೆಳಗಿನ ಗೂಟದಿಂದ ಬಿಡಿಸಿ, ಸೋಫಾದ ಮೇಲೆ ಒರಗಿಸಿದರು. ಸೋಫಾದಲ್ಲಿ ಕೂತ ಬಾಗಿಲು ಹೇಳದೆ ಕೇಳದೆ ಬಂದ ನೆಂಟನ ಹಾಗಿತ್ತು. ಅವಳು ಮೊಣಕಾಲೂರಿ ಕೆಳಗಿನ ಗೂಟ ನೋಡಿದಳು. ಬಾಗಿಲ ಭಾರ ಹೊರುವ ಪ್ಲಾಸ್ಟಿಕ್ ಬಿಲ್ಲೆ ಒಂದು ಕಡೆ ಸವೆದು ಅರ್ಧಚಂದ್ರವಾಗಿತ್ತು. ನೋಡಿದ ಕೂಡಲೇ ಪರಿಚಯದವರು ಸಿಕ್ಕಷ್ಟು ಸಂತೋಷವಾಯಿತು. ಅಂಚಿಲ್ಲದ ಕನ್ನಡಕಗಳಲ್ಲಿ ಕೂದಲಷ್ಟು ದಪ್ಪದ ಇಂಥದ್ದೇ ಬಿಲ್ಲೆ ಇರುತ್ತದೆ. ಅದು ಸವೆದರೆ ಕಾಲು ಜೋಲುತ್ತದೆ. ಸಾಬೂನುಪುಡಿಯ ಡಬ್ಬಿಯ ದಪ್ಪ ಮುಚ್ಚಳದಿಂದ ಎರಡು ಬಿಲ್ಲೆ ಕತ್ತರಿಸಿ, ಕಾಯಿಸಿದ ಮೊಳೆಯಿಂದ ನಡುವೆ ತೂತು ಮಾಡಿ, ಅಂಚನ್ನು ಅಂಗಡಿಯ ಸಣ್ಣ ಅರದಿಂದ ಉಜ್ಜಿ, ಹಳೆಯದರ ಜಾಗಕ್ಕೆ ಕೂರಿಸಿದಳು. ಬಾಗಿಲನ್ನು ಮತ್ತೆ ಗೂಟದ ಮೇಲೆ ಏರಿಸಿದರು. ಹಿಡಿಯ ಕಡೆಯ ಮೂಲೆ ಜಾರದ ಹಾಗೆ ಅಡಿಗೆ ಮಗಳ ಎರಡು ದಪ್ಪ ಪುಸ್ತಕ ಕೊಟ್ಟು, ಅವಳು ಬೋಲ್ಟು ಬಿಗಿಮಾಡಿದಳು.

“ಈ ಪುಸ್ತಕ ಉಪಯೋಗಕ್ಕೆ ಬಂದಿದ್ದು ಇದೇ ಮೊದಲು,” ಎಂದಳು ಮಗಳು.

ಪುಸ್ತಕ ಎಳೆದರು. ಬಾಗಿಲು ಜೋಲಲಿಲ್ಲ. ಅಂಚಿಗೆ ಅಂಚು ಸರಿಯಾಗಿ ನಿಂತಿತು. ಅವಳು ಮೆಲ್ಲಗೆ ತಳ್ಳಿದಳು. ಬಾಗಿಲು ಹೋಗಿ ತಾಗಿತು, ಒಂದು ಕ್ಷಣ ಯೋಚಿಸಿತು, ಆಮೇಲೆ ನಾಲ್ಕು ಬೆರಳು ಅಗಲ ತಾನಾಗೇ ತೆರೆದುಕೊಂಡಿತು.

ಸರಿಯಾಗಿ ಆಗಲೇ ಗಂಡ ಊಟಕ್ಕೆ ಬಂದ.

ಹೊಸ್ತಿಲಲ್ಲೇ ನಿಂತ. ನೆಲದ ತುಂಬ ಬಾಟಲಿ, ತರಕಾರಿ, ಹಾಲಿನ ಪಾತ್ರೆ. ನಡುವೆ ಕುರ್ಚಿಯಲ್ಲಿ ಫ್ಲಾಸ್ಕು ಅಪ್ಪಿಕೊಂಡ ಅಮ್ಮ. ಹೆಂಡತಿಯ ಕೈಯಲ್ಲಿ ತನ್ನ ಸ್ಪ್ಯಾನರ್.

“ಏನೇ ಇದು? ಮನೆ ಖಾಲಿ ಮಾಡ್ತಿದೀವಾ?”

“ಬಾಗಿಲು ಸರಿಮಾಡ್ತಿದೀನಿ.”

“ನಾನು ಭಾನುವಾರ ಮಾಡ್ತೀನಿ ಅಂದಿದ್ನಲ್ಲ?”

“ಯಾವ ವರ್ಷದ್ದು ರೀ?”

ಮಗಳು ಕೆಮ್ಮಿದಳು. ಗಂಡ ಬಾಗಿಲ ಬಳಿ ಬಂದು, ಅದು ಮೆಲ್ಲಗೆ ತೆರೆದುಕೊಳ್ಳುವುದನ್ನು ನೋಡಿ ಸ್ವಲ್ಪ ಸಮಾಧಾನಗೊಂಡ. “ನೋಡಿದ್ಯಾ, ಹಾಗೇ ಇದೆ. ಇದೆಲ್ಲ ಕನ್ನಡಕದ ಹಾಗಲ್ಲ. ಈಗ ಮುಚ್ಚೋದೇ ಇಲ್ಲ ಅಂದ್ರೆ ಏನು ಮಾಡ್ತೀಯ? ನಾಳೆ ಏಳೂವರೆ ರೈಲಿಗೆ ಇದನ್ನ ಹೊತ್ಕೊಂಡು ಹೋಗ್ತೀಯಾ?”

ಆ ಮಾತು ನಾಟಿತು. ಎಲ್ಲ ಬಿಚ್ಚಿ ಹರಡಿದೆ, ಫ್ಲಾಸ್ಕಿನಲ್ಲಿ ಐಸು ಕರಗುತ್ತಿದೆ, ಬ್ಯಾಗಿಗೆ ಇನ್ನೂ ಒಂದು ಸೀರೆಯೂ ಬಿದ್ದಿಲ್ಲ. ಅವಳು ಬಾಗಿಲನ್ನು ನೋಡುವುದು ಬಿಟ್ಟಳು. ಮೇಷ್ಟ್ರು ಹೇಳಿದ್ದರಲ್ಲ, ಮೂಗಿನ ಗೊಡವೆಗೆ ಹೋಗ್ಬೇಡ. ಎರಡು ಹೆಜ್ಜೆ ಹಿಂದೆ ಸರಿದು, ನೆಲದ ಮೇಲೆ ಕೂತು, ಫ್ರಿಜ್ಜಿನ ಕಾಲು ನೋಡಿದಳು. ಮೈಗೆ ಕೈಕೊಟ್ಟು ಅಲ್ಲಾಡಿಸಿದಳು. ಟಕ್, ಟಕ್.

“ಕುಣೀತಿದೆ,” ಎಂದಳು. “ಈ ನೆಲ ಸಮ ಇಲ್ಲ.”

ಗಂಡ ನಕ್ಕ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

“ಅವಳೆಲ್ಲಿ ಕುಣೀತಿದಾಳೋ? ಕುಣೀತಿರೋದು ಫ್ರಿಜ್ಜು,” ಎಂದರು ಅತ್ತೆ.

ಅವಳು ಪಕ್ಕದಲ್ಲಿದ್ದ ನೀರಿನ ಬಾಟಲಿಯೊಂದನ್ನು ನೆಲದ ಮೇಲೆ ಅಡ್ಡ ಮಲಗಿಸಿ ಕೈಬಿಟ್ಟಳು. ಬಾಟಲಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮೆಲ್ಲಗೆ ಹೊರಳಿತು, ಫ್ರಿಜ್ಜಿನ ಮುಂದೆ ಹಾದು, ಗಂಡನ ಬೂಟನ್ನು ತಪ್ಪಿಸಿಕೊಂಡು, ಸಿಂಕಿನ ಕೆಳಗೆ ನೀರು ಹೋಗುವ ತೂತಿನ ಬಳಿ ಹೋಗಿ ನಿಂತಿತು. ಅಡುಗೆಮನೆ ತೊಳೆದ ನೀರು ಹರಿದುಹೋಗಲೆಂದು ಕಟ್ಟುವಾಗಲೇ ಬಿಟ್ಟ ಇಳಿಜಾರು. ಅದನ್ನು ದಿನಾ ತೊಳೆಯುವವಳಿಗೆ ಗೊತ್ತಿತ್ತು, ತೊಳೆಯದವನಿಗೆ ಗೊತ್ತಿರಲಿಲ್ಲ.

ಗಂಡ ಬಾಟಲಿಯನ್ನು ನೋಡಿದ, ಗಾದೆಯನ್ನು ವಾಪಸ್ ತೆಗೆದುಕೊಳ್ಳುವ ಉಪಾಯ ಹುಡುಕುವವನ ಹಾಗೆ. ಅಷ್ಟರಲ್ಲಿ ಮಗಳು ಮೊಬೈಲಿನ ಬೆಳಕು ಬಿಟ್ಟು ಫ್ರಿಜ್ಜಿನ ಹಿಂದೆ ಬಗ್ಗಿದ್ದಳು. “ಅಮ್ಮ, ಹಿಂದಿನ ಬಲಗಾಲಿನ ಅಡಿ ಏನೋ ಇದೆ. ಮಡಚಿ ಇಟ್ಟಿದಾರೆ.”

“ಅದು ನಾನೇ ಇಟ್ಟಿದ್ದು,” ಗಂಡನ ಮುಖ ಅರಳಿತು. “ಫ್ರಿಜ್ಜು ತಂದ ದಿನ ಟಕಟಕ ಅಂತಿತ್ತು. ಒಂದು ನಿಮಿಷದಲ್ಲಿ ಸರಿಮಾಡಿದ್ದೆ, ನೆನಪಿದೆಯಾ?”

ನೆನಪಿಲ್ಲದೆ ಏನು? ಆ ಒಂದು ನಿಮಿಷದ ಕಥೆಯನ್ನು ಬಂದವರಿಗೆಲ್ಲ ಆರು ವರ್ಷದಿಂದ ಹೇಳುತ್ತಿದ್ದ. “ಹಿಂದೆ ಹಿಡಿದು ಸ್ವಲ್ಪ ಎತ್ತಿ ನೋಡೋಣ,” ಎಂದಳು ಅವಳು. ಅವನು ಅಂಗಿಯ ತೋಳು ಮಡಚಿ ಎತ್ತಿದ. ಮಗಳು ಕೈ ಚಾಚಿ ಎಳೆದಳು. ನಾಲ್ಕು ಮಡಿಕೆಯಾಗಿ, ಪ್ಲಾಸ್ಟಿಕ್ ಕವರಿನ ಸಮೇತ, ಚಪ್ಪಟೆಯಾಗಿ, ಒಂದು ಮೂಲೆ ಕೊಳೆತು ಹೊರಬಂದದ್ದು ಒಂದು ತೆಳು ಪುಸ್ತಕ. ಧೂಳು ಒರೆಸಿದರೆ ಮೇಲೆ ಫ್ರಿಜ್ಜಿನ ಚಿತ್ರ. ಆರು ವರ್ಷದಿಂದ ಕಾಣೆಯಾಗಿದ್ದ, ಇಡೀ ಮನೆ ಮೂರು ಸಲ ಹುಡುಕಿದ್ದ, ಫ್ರಿಜ್ಜಿನ ಜೊತೆ ಬಂದ ಮಾಹಿತಿ ಪುಸ್ತಕ.

ಮಗಳು ಪುಟ ಬಿಡಿಸಿ ಗಟ್ಟಿಯಾಗಿ ಓದಿದಳು. “ಎರಡನೇ ಪುಟ. ‘ಫ್ರಿಜ್ಜಿನ ಕಾಲಿನ ಅಡಿ ಕಾಗದ, ರಟ್ಟು ಇತ್ಯಾದಿ ಇಡಬಾರದು. ಮುಂದಿನ ಎರಡು ಕಾಲುಗಳನ್ನು ತಿರುಗಿಸಿ ಎತ್ತರ ಹೊಂದಿಸಬೇಕು. ಫ್ರಿಜ್ಜು ತುಸು ಹಿಂದಕ್ಕೆ ವಾಲಿದ್ದರೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.’”

ಅತ್ತೆ ಮೊದಲು ನಕ್ಕರು. ಅವರ ಮಡಿಲಿನ ಫ್ಲಾಸ್ಕು ಕುಲುಕಿತು. ಆಮೇಲೆ ಮಗಳು. ಕೊನೆಗೆ, ಕಿವಿ ಕೆಂಪಾಗಿಸಿಕೊಂಡು ಗಂಡನೂ ನಕ್ಕ. “ತಾನಾಗಿಯೇ ಅಂತ ಬರೆದಿದಾರಾ?” ಎಂದು ಅವಳು ಮತ್ತೊಮ್ಮೆ ಕೇಳಿದಳು. ಪುಟದ ಚಿತ್ರದಲ್ಲಿ ಒಬ್ಬ ಗಂಡಸು ಸ್ಪ್ಯಾನರ್ ಹಿಡಿದು ಬಗ್ಗಿದ್ದ. ಒಬ್ಬಳು ಹೆಂಗಸು ಹಣ್ಣಿನ ಬುಟ್ಟಿ ಹಿಡಿದು ಅವನನ್ನು ನೋಡಿ ನಗುತ್ತಿದ್ದಳು. ಆ ಹೆಂಗಸಿಗೆ ಮೊಣಕಾಲು ಇದೆಯೋ ಇಲ್ಲವೋ, ಸೀರೆಯಲ್ಲಿ ಕಾಣುತ್ತಿರಲಿಲ್ಲ.

ಅವಳು ಸ್ಪ್ಯಾನರ್ ಹಿಡಿದು ನೆಲದ ಮೇಲೆ ಕವುಚಿ ಮಲಗಿದಳು. ಇಳಿಜಾರಿನ ಕಡೆಯ ಮುಂದಿನ ಕಾಲಿಗೆ ನಾಲ್ಕು ಸುತ್ತು, ಇನ್ನೊಂದಕ್ಕೆ ಎರಡೂವರೆ. ಅಲ್ಲಾಡಿಸಿದಳು. ಟಕ್ ಇಲ್ಲ. ಕೀಲಿನ ಬೋಲ್ಟನ್ನು ಇನ್ನೊಂದು ಸಲ ಬಿಗಿದು, ರಬ್ಬರಿನ ಅಂಚನ್ನು ಬಿಸಿನೀರಿನ ಬಟ್ಟೆಯಿಂದ ಸುತ್ತಲೂ ಒರೆಸಿದಳು. ಎದ್ದು ನಿಂತು ಬಾಗಿಲನ್ನು ಅರ್ಧ ತೆರೆದು ಕೈಬಿಟ್ಟಳು.

ಬಾಗಿಲು ನಿಧಾನವಾಗಿ, ಯಾರ ಮಾತೂ ಕೇಳದೆ, ಹೋಯಿತು.

‘ಪುಚ್.’

“ಇನ್ನೊಂದು ಸಲ,” ಎಂದರು ಅತ್ತೆ. ಇನ್ನೊಂದು ಸಲವೂ ಅಂದಿತು. ಮಗಳು ಬಾಗಿಲ ಮೇಲಿದ್ದ ‘ಎತ್ತು, ಒತ್ತು, ತಟ್ಟು’ ಹಾಳೆಯನ್ನು ಕಿತ್ತು, ಬಾಗಿಲ ಸಂದಿನಲ್ಲಿ ಸಿಕ್ಕಿಸಿ ಎಳೆದಳು. ಬರಲಿಲ್ಲ. ಮೇಲೆ, ಕೆಳಗೆ, ಪಕ್ಕಕ್ಕೆ, ಎಲ್ಲಿ ಸಿಕ್ಕಿಸಿದರೂ ರಬ್ಬರು ಹಲ್ಲು ಕಚ್ಚಿ ಹಿಡಿಯಿತು. ಕೊನೆಗೆ ಹಾಳೆಯೇ ಹರಿಯಿತು.

ಪ್ಲಗ್ ಹಾಕಿ ಸಾಮಾನು ಜೋಡಿಸುವಾಗ ಬಾಟಲಿಯ ಸರದಿ ಬಂತು. “ಬಾಗಿಲಲ್ಲಿ ಎರಡೇ,” ಎಂದಳು ಅವಳು. “ಉಳಿದದ್ದು ಒಳಗೆ. ಕುಡಿದವರು ತುಂಬಬೇಕು.”

“ಕುಡಿಯೋನು ನಾನೊಬ್ಬನೇ ಅಲ್ವಾ?” ಎಂದ ಗಂಡ.

ಮೂವರೂ ಅವನ ಕಡೆ ನೋಡಿದರು.

“ಸರಿ ಸರಿ,” ಎಂದ. ಸ್ವಲ್ಪ ಹೊತ್ತು ಬಿಟ್ಟು, ಊಟದ ಮೇಜಿನಿಂದ, “ಅಲ್ವೇ, ಮಿಕ್ಸಿ ಮುಚ್ಚಳ ಕೂಡ ನಿನಗೊಬ್ಬಳಿಗೇ ಕೂರಿಸೋಕೆ ಬರೋದು. ಬಚ್ಚಲಿನ ನಲ್ಲಿನೂ ಅಷ್ಟೇ. ಒಂದು ಮಾತು ಹೇಳಿದೆ ಅಷ್ಟೇ.”

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಮನೆಯನ್ನೊಮ್ಮೆ ನೋಡಿದಳು. ಒಂದೊಂದಕ್ಕೂ ಒಂದೊಂದು ಮರ್ಜಿ. ನಲ್ಲಿಯನ್ನು ಎಡಕ್ಕೆ ತಿರುಗಿಸಿ ಕಾಲು ಸುತ್ತು ಬಲಕ್ಕೆ ತರಬೇಕು. ಕೋಣೆಯ ಸ್ವಿಚ್ಚನ್ನು ಅರ್ಧ ಒತ್ತಿ ಹಿಡಿಯಬೇಕು. ಮಿಕ್ಸಿಯ ಮುಚ್ಚಳಕ್ಕೆ ಹೆಬ್ಬೆರಳು. ಇಷ್ಟು ವರ್ಷ ಅದೆಲ್ಲ ತನ್ನ ಜಾಣತನ ಅಂದುಕೊಂಡಿದ್ದಳು.

“ವಾಪಸ್ ಬಂದು ಒಂದೊಂದಾಗಿ ನೋಡ್ತೀನಿ,” ಎಂದಳು. “ಪೆಟ್ಟಿಗೆ ಇನ್ನು ಕೆಳಗೇ ಇರಲಿ. ನಾಲ್ಕು ದಿನ ನಲ್ಲಿ ತೊಟ್ಟಿಕ್ಕಿದ್ರೆ ತೊಟ್ಟಿಕ್ಕಲಿ ರೀ. ನೀವು ನೀರು ಸರಬರಾಜಿನವರೇ ತಾನೇ?”

ಸಂಜೆ ಅವಳು ಬ್ಯಾಗಿಗೆ ಬಟ್ಟೆ ತುಂಬುವಾಗ ಅತ್ತೆ ಬಂದು ಮಂಚದ ಅಂಚಿಗೆ ಕೂತರು. “ಇನ್ನು ಆ ನೆವವೂ ಹೋಯ್ತು. ಪದೇ ಪದೇ ಹೋಗ್ತೀಯೇನೋ,” ಎಂದರು, ಬ್ಯಾಗಿನ ಜಿಪ್ಪು ಎಳೆದು ನೋಡುತ್ತ.

“ಹೋಗ್ಬಾರ್ದಾ ಅತ್ತೆ?”

“ಹೋಗು. ನಾನು ಯಾವತ್ತೂ ಹೋಗಲಿಲ್ಲ ನೋಡು. ನಮ್ಮ ಕಾಲದಲ್ಲಿ ಫ್ರಿಜ್ಜೂ ಇರಲಿಲ್ಲ. ಏನು ಮುಚ್ಚೋಕೆ ಮನೇಲಿದ್ದೆನೋ, ನನಗೇ ಗೊತ್ತಿಲ್ಲ.” ಆಮೇಲೆ, “ಆ ಇನ್ನೊಂದು ಸೀರೆ ಇಟ್ಕೋ, ನೀಲಿದು. ಸಮುದ್ರದ ಹತ್ತಿರ ಬೇಗ ಒಣಗುತ್ತಂತೆ.”

ಏಳೂವರೆ ರೈಲು ಏಳು ಮುಕ್ಕಾಲಿಗೆ ಹೊರಟಿತು. ಅವಳು ಅದರಲ್ಲಿದ್ದಳು.

ಅಕ್ಕನ ಮನೆಯ ಹಿಂಬಾಗಿಲು ತೆಗೆದರೆ ಮರಳು, ಮರಳಿನಾಚೆ ಸಮುದ್ರ. ಎರಡನೆಯ ದಿನ ಮಧ್ಯಾಹ್ನ ಅತ್ತೆಯ ಫೋನ್ ಬಂತು.

“ಬಾಗಿಲು ಹೇಗಿದೆ ಅತ್ತೆ?”

“ನಿನ್ನ ಗಂಡ ತೆಗೆದಿಟ್ಟು ಹಾಗೇ ಟೀವಿ ಮುಂದೆ ಹೋಗ್ತಾನೆ. ಅದು ಪಾಪ ತಾನಾಗೇ ಬಂದು ಮುಚ್ಕೊಳ್ಳುತ್ತೆ. ನಿನಗಿಂತ ತಾಳ್ಮೆ ಅದಕ್ಕೆ.”

“ಔಷಧಿ?”

“ಮುಟ್ಟಿದ್ರೆ ಬೆರಳು ಕೊರೆಯುತ್ತೆ, ಅಷ್ಟು ತಣ್ಣಗಿದೆ. ಚಿಂತೆ ಬಿಡು. ಇನ್ನೊಂದು ಕೇಳು. ಪಕ್ಕದ ಮನೆಯವರಿಗೆ ಹೇಳ್ತಿದ್ದ, ಫ್ರಿಜ್ಜು ನಾವೇ ರಿಪೇರಿ ಮಾಡಿದ್ವಿ ಅಂತ.”

“ನಾವಾ?”

“ನಾನು ಕಿಟಕಿಯಿಂದ ಕೂಗಿ ಹೇಳ್ದೆ, ‘ನಾವು’ ಅಂದ್ರೆ ನನ್ನ ಸೊಸೆ ಅಂತ.”

“ಬಾಟಲಿ ತುಂಬಿದಾರಾ?”

“ಏಳರಲ್ಲಿ ಒಂದು. ಯಾರಾದ್ರೂ ಕುಡಿದುಬಿಟ್ರೆ ಅಂತ ಅದರ ಮೇಲೆ ತನ್ನ ಹೆಸರು ಬರ್ಕೊಂಡಿದಾನೆ!”

ಅವಳು ನಗುತ್ತಲೇ ಫೋನಿಟ್ಟು ಅಡುಗೆಮನೆಗೆ ಹೋದಳು. ಅಕ್ಕನ ಫ್ರಿಜ್ಜಿನಿಂದ ನೀರು ತೆಗೆದುಕೊಂಡಳು. ಎಡಗೈ ಹಿಡಿಯನ್ನು ಎತ್ತಿತು, ಬಲ ಮೊಣಕಾಲು ಹೋಗಿ ಒತ್ತಿತು, ಅಂಗೈ ತಟ್ಟಿತು. ಫ್ರಿಜ್ಜು ಅಲ್ಲಾಡಿ ಅದರ ಮೇಲಿದ್ದ ಡಬ್ಬಿಗಳೆಲ್ಲ ಗಲಗಲ ಎಂದವು.

“ಏಯ್!” ಹಿಂಬಾಗಿಲ ಮೆಟ್ಟಿಲಿನಿಂದ ಅಕ್ಕ ಕೂಗಿದಳು. “ಪಾಪ, ಅದೇನು ಮಾಡಿತ್ತೇ ನಿನಗೆ?”

ಅವಳು ತನ್ನ ಮೊಣಕಾಲನ್ನು ನೋಡಿಕೊಂಡಳು, ಅದು ಬೇರೆ ಯಾರದ್ದೋ ಅನ್ನುವ ಹಾಗೆ. ಬಾಗಿಲನ್ನು ಮತ್ತೆ ತೆಗೆದಳು. ಈ ಸಲ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು, ಎರಡು ಹೆಜ್ಜೆ ಹಿಂದೆ ನಿಂತಳು. ಬಾಗಿಲು ಒಂದು ಕ್ಷಣ ಹಾಗೇ ಇತ್ತು, ಆಮೇಲೆ ಹೊರಟಿತು.

“ಅದನ್ನ ಅದರ ಪಾಡಿಗೆ ಬಿಟ್ಟು ಬಾರೇ. ಅಲೆ ಮೆಟ್ಟಿಲ ತನಕ ಬಂತು ನೋಡು!”

ಅವಳು ಬಾಟಲಿ ಹಿಡಿದು ಓಡಿದಳು. ‘ಪುಚ್’ ಅಂದದ್ದನ್ನು ಕೇಳಿಸಿಕೊಳ್ಳಲು ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.